1843ರ ಐದನೇ ಕಾಯಿದೆಯಲ್ಲಿ ‘ರದ್ದು’ ಎಂಬ ಪದವೇ ಇಲ್ಲ

ಭಾರತದಲ್ಲಿ ಗುಲಾಮಗಿರಿ 1843ರಲ್ಲಿ ರದ್ದಾಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಆ ವರ್ಷದ ಐದನೇ ಕಾಯಿದೆಯನ್ನು ತೆಗೆದು ಓದಿ. ಇರುವುದು ನಾಲ್ಕೇ ಕಲಂ. ದಾಸರೆಲ್ಲ ಇನ್ನು ಸ್ವತಂತ್ರರು ಎಂಬ ಮಾತು ಒಂದರಲ್ಲೂ ಇಲ್ಲ.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ನಿಲ್ಲಿಸುವ ಕಾನೂನು ಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತ್ತು. ಹತ್ತು ವರ್ಷ ತಡವಾಗಿ ಬಂದ ಈ ಕಾಯಿದೆಯ ಮೊದಲ ಕಲಂ, ಡಿಕ್ರಿ ಜಾರಿಗೋ ಕಂದಾಯದ ಬಾಕಿಗೋ ಮನುಷ್ಯರನ್ನು ದಾಸರೆಂದು ಮಾರದಂತೆ ಸರ್ಕಾರಿ ಅಧಿಕಾರಿಗಳನ್ನೇ ತಡೆಯುತ್ತದೆ. ತಡೆಯಬೇಕಾದ ಸ್ಥಿತಿ ಇತ್ತು ಅನ್ನುವುದನ್ನು ಗಮನಿಸಿ. ಮೂರನೆಯದು, ದಾಸ ದುಡಿದು ಗಳಿಸಿದ ಅಥವಾ ಅವನಿಗೆ ವಾರಸಿನಲ್ಲಿ ಬಂದ ಆಸ್ತಿಯನ್ನು ಕಸಿಯಬಾರದು ಎನ್ನುತ್ತದೆ. ನಾಲ್ಕನೆಯದರ ಪ್ರಕಾರ ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವುದು ದಾಸನಿಗೆ ಮಾಡಿದರೂ ಅಪರಾಧವೇ.

ಜೀವಾಳ ಇರುವುದು ಎರಡನೇ ಕಲಮಿನಲ್ಲಿ. ಒಬ್ಬನು ತನ್ನ ದಾಸ ಎಂಬ ಆಧಾರದ ಮೇಲೆ ಕೇಳುವ ಯಾವ ಹಕ್ಕನ್ನೂ ಕಂಪನಿಯ ಕೋರ್ಟುಗಳು ಜಾರಿ ಮಾಡುವಂತಿಲ್ಲ. ಓಡಿಹೋದ ಆಳನ್ನು ಹಿಡಿದುಕೊಡಿ ಎಂದು ಧಣಿ ಬಂದರೆ ಅವನ ದಾವೆ ನಿಲ್ಲದು. ಆದರೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತದಿದ್ದರೆ? ಆಗ ಕಾಯಿದೆಗೆ ಕೆಲಸವೇ ಇಲ್ಲ. ಕೆನರಾ ಜಿಲ್ಲೆಯ ಮೂಲದಾಳು, ಅಂದರೆ ತಲೆಮಾರಿನಿಂದ ಧಣಿಗೆ ಸೇರಿದ ಆಳು, ಧಣಿಯ ಜಾಗದಲ್ಲೇ ಗುಡಿಸಲು ಕಟ್ಟಿಕೊಂಡಿದ್ದವನು. ಬಿಟ್ಟು ಹೋಗಬಹುದು ಎಂದರೆ ಎಲ್ಲಿಗೆ? ಮನುಷ್ಯರನ್ನು ದಾಸರಾಗಿ ಕೊಳ್ಳುವುದು, ಮಾರುವುದು ದಂಡಸಂಹಿತೆಯ 370ನೇ ಕಲಮಿನಡಿ 7 ವರ್ಷದವರೆಗಿನ ಸಜೆಯ ಅಪರಾಧವಾದದ್ದು 1862ರ ಜನವರಿ 1ರಿಂದ.

ಕಿಂಡಿ ಇದ್ದದ್ದು ‘ದಾಸ’ ಎಂಬ ಪದದಲ್ಲಿ. ವಾದಪತ್ರದಲ್ಲಿ ಆ ಪದವನ್ನು ಬಿಟ್ಟು ಸಾಲಪತ್ರ ಮುಂದಿಟ್ಟರೆ ಎರಡನೇ ಕಲಂ ಅಡ್ಡ ಬಾರದು. (ಹಳೆಯ ಕಡತ ನೋಡುವವರು ಸಾಲದ ದಾವೆಗಳನ್ನು ಬದಿಗೆ ಸರಿಸದಿರುವುದು ಒಳ್ಳೆಯದು.) 1859ರ ಹದಿಮೂರನೇ ಕಾಯಿದೆಯಂತೂ ಈ ದಾರಿಯನ್ನು ರಾಜರಸ್ತೆ ಮಾಡಿತು. ಮುಂಗಡ ಪಡೆದು ಕೆಲಸ ಬಿಟ್ಟವನ ಮೇಲೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟರೆ ಸಾಕು. ಹಣ ಹಿಂದಿರುಗಿಸಬೇಕೋ ಕೆಲಸಕ್ಕೇ ಮರಳಬೇಕೋ ಎಂದು ಆರಿಸುವವನು ಆಳಲ್ಲ, ದೂರು ಕೊಟ್ಟವನು. ಆದೇಶ ಮೀರಿದರೆ 3 ತಿಂಗಳವರೆಗೆ ಕಠಿಣ ಸಜೆ. ಕೊಡಗಿನ ಕಾಫಿ ತೋಟಗಳವರೂ ಇದನ್ನು ಬಳಸಿಕೊಂಡರು. ಇದು ರದ್ದಾಗಲು 1925ರ ಕಾನೂನು ಬರಬೇಕಾಯಿತು.

1976ರ ಜೀತ ಪದ್ಧತಿ ರದ್ದತಿ ಕಾಯಿದೆ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಹೊರಡುತ್ತದೆ. ಅದು ಜೀತದ ಸಾಲವನ್ನೇ ಅಳಿಸಿಹಾಕಿ, ಆ ಸಾಲದ ವಸೂಲಿಗೆ ಯಾವ ಸಿವಿಲ್ ಕೋರ್ಟಿನಲ್ಲೂ ದಾವೆ ಹೂಡದಂತೆ ಮಾಡಿತು.