ನಿನ್ನ ಹೆಸರು ಇದರಾಗ ಐತೇನು?

ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಯವರಿಗೆ ನೇಮಕಾತಿ ಕಾನೂನು ಕೆಲವು ವಕೀಲರಿಗಿಂತ ಜಾಸ್ತಿ ಗೊತ್ತು. ಮೊನ್ನೆ ನನ್ನ ಅಕ್ಕನ ಮಗ ಸರ್ಕಾರಿ ನೌಕರಿ ಪರೀಕ್ಷೆಯ ಕೇಸಿನಲ್ಲಿ ಕೋರ್ಟು ಕೊಟ್ಟ ಮಧ್ಯಂತರ ಆದೇಶದ ಝೆರಾಕ್ಸ್ ತೆಗೆಸಲು ಹೋಗಿದ್ದ. ಜೊತೆಗೆ ನಾನೂ ಇದ್ದೆ. ಅಂಗಡಿಯವರು ಅರ್ಜಿದಾರರ ಪಟ್ಟಿಯ ಮೇಲೆ ಬೆರಳಿಟ್ಟು, “ತಮ್ಮಾ, ನಿನ್ನ ಹೆಸರು ಇದರಾಗ ಐತೇನು?” ಎಂದರು.

“ಇಲ್ರೀ.”

“ಹಂಗಾರ ಯಾಕ ಸುಮ್ನ ರೊಕ್ಕ ಹಾಳು ಮಾಡ್ತಿ?”

ಅವರು ಹೇಳಿದ್ದು ಸರಿಯೇ. ಅದಕ್ಕೇ ಇನ್ನೂ ಚುಚ್ಚುತ್ತಿದೆ.

ಪೂರ್ವಭಾವಿ ಪರೀಕ್ಷೆಯಲ್ಲಿ ಇವನಿಗೂ ಇವನ ರೂಮ್‌ಮೇಟ್‌ಗೂ ಸಮ ಅಂಕ. ಪರೀಕ್ಷೆ ನಡೆಸಿದವರು ಸರಿ ಎಂದು ಪ್ರಕಟಿಸಿದ ಕೀ ಉತ್ತರ ತಪ್ಪು ಅಂತ ಇಬ್ಬರೂ ಆಕ್ಷೇಪಣೆ ಹಾಕಿದ್ದು ಒಂದೇ ಪ್ರಶ್ನೆಗೆ. ಆ ಹುಡುಗ ದುಡ್ಡು ಹೊಂದಿಸಿ ವಕಾಲತ್ತಿಗೆ ಸಹಿ ಹಾಕಿ ಕೇಸಿಗೆ ಸೇರಿದ. ಆ ಮಧ್ಯಂತರ ಆದೇಶದಿಂದ ಅರ್ಜಿದಾರರಷ್ಟೇ ಈಗ ಮುಖ್ಯ ಪರೀಕ್ಷೆ ಬರೆಯಬಹುದು, ಕೇಸು ಸೋತರೆ ಬರೆದದ್ದೆಲ್ಲ ವ್ಯರ್ಥ. ಇವನು, “ಗೆದ್ರ ಎಲ್ಲಾರಿಗೂ ಸಿಗತೈತಿ ಮಾಮಾ” ಎಂದು ಕೂತ. ಕೋರ್ಟು ಅಂದರೆ ಜಗಳಗಂಟರ ಜಾಗ ಎನ್ನುವ ನಮ್ಮ ಭಾವನ ಮಗನಲ್ವಾ!

ಇವನ ನಂಬಿಕೆಗೂ ಕಾರಣವಿತ್ತು. 2024ರ ಆಗಸ್ಟ್ 27ರ ಕೆಎಎಸ್ (ರಾಜ್ಯ ಆಡಳಿತ ಸೇವೆ) ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ತಪ್ಪುಗಳಿದ್ದವು ಅಂತ ಗಲಾಟೆಯಾಗಿ, ಡಿಸೆಂಬರ್ 29ಕ್ಕೆ ಎಲ್ಲರಿಗೂ ಮರುಪರೀಕ್ಷೆ ನಡೆಯಿತು. ಆದರೆ ಅದು ಸರ್ಕಾರ ಹೇಳಿ ಮಾಡಿಸಿದ್ದು. ಕೋರ್ಟಿನ ದಾರಿ ಬೇರೆ. ಕೀ ಉತ್ತರದಲ್ಲಿ ಅನುಮಾನ ಇದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನ್ಯಾಯಾಧೀಶರು ಪ್ರತಿ ವಿಷಯಕ್ಕೂ ಮೇಷ್ಟ್ರಾಗಲು ಆಗುವುದಿಲ್ಲ, ಒಪ್ಪೋಣ. ಹಾಗಿದ್ದರೆ ಕೀ ತಯಾರಿಸಿದವರನ್ನು ಕೇಳುವವರು ಯಾರು?

ಕೆಎಎಸ್‌ನಂಥ ಪರೀಕ್ಷೆಯಲ್ಲಿ ಪೂರ್ವಭಾವಿಯ ಅಂಕ ಕೊನೆಯ ಪಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಅದು ಬರೀ ಜರಡಿ. ಆದರೆ ಕೆಳಗೆ ಬಿದ್ದವನಿಗೆ ಮುಂದೆ ಏನೂ ಇಲ್ಲ, ವಯೋಮಿತಿ ಮಾತ್ರ ಓಡುತ್ತಿರುತ್ತದೆ.

“ಈಗ ಸೇರಬಹುದೇನ್ರಿ?” ಎಂದು ವಕೀಲರಿಗೆ ಫೋನು ಮಾಡಿದೆವು. “ಇಷ್ಟು ದಿನ ಎಲ್ಲಿದ್ರಿ ಅಂತ ಜಡ್ಜ್ ಮೊದಲು ಕೇಳ್ತಾರೆ” ಎಂದರು. ಬೇರೆಯವರು ಗೆಲ್ಲಲಿ ಎಂದು ಕಾದು ಕೂತವರಿಗೆ ಕಾನೂನಿನಲ್ಲಿ ಕರುಣೆ ಕಡಿಮೆಯಂತೆ. ಒಂದೇ ಪ್ರಶ್ನೆ, ಒಂದೇ ತಪ್ಪು. ಒಬ್ಬನಿಗೆ ಹಾಲ್ ಟಿಕೆಟ್, ಇನ್ನೊಬ್ಬನಿಗೆ ಇಲ್ಲ. ಇದನ್ನು ಭಾವನಿಗೆ ಹೇಳಿದರೆ, “ಮುಂದಿನ ವರ್ಷ ಚೊಲೋ ಓದ್ಲಿ ಬಿಡು” ಎಂದರು. ಮುಂದಿನ ವರ್ಷ ಅಧಿಸೂಚನೆ ಬರುತ್ತದೆ ಅಂತ ಅವರಿಗೆ ಯಾರು ಹೇಳಿದರೋ!