ಅಮ್ಮ ಕೇಳಿದ ಪ್ರಶ್ನೆ

"ತನ್ನ ಮಕ್ಕಳನ್ನ ಮಾತ್ರ ಮೊದ್ಲೇ ಕಳಿಸಿಬಿಟ್ನಾ?"

ಶನಿವಾರದಿಂದ ಇದೊಂದು ಮಾತು ಕಿವಿಯಲ್ಲೇ ಕೂತಿದೆ.

ಊರಿಂದ ಬಂದಿರುವ ಅಮ್ಮನನ್ನು ಇಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈಮ್ ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಚರ್ಚಿನಲ್ಲಿದ್ದ ಅಜ್ಜ ಕಥೆ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. 1665ರಲ್ಲಿ ದರ್ಜಿಯ ಮನೆಗೆ ಲಂಡನ್ನಿನಿಂದ ಬಟ್ಟೆ ಬಂತು, ಜೊತೆಗೆ ಪ್ಲೇಗೂ ಬಂತಂತೆ. ಮರುವರ್ಷ ಜೂನ್‌ನಲ್ಲಿ, ಯಾರೂ ಊರು ಬಿಡಬಾರದು ಅಂದ ಪಾದ್ರಿ ವಿಲಿಯಂ ಮಾಂಪೆಸನ್. ಜನ ಒಪ್ಪಿದರು. ಸತ್ತವರು ಸುಮಾರು 260.

"ಊರೊಳಗೇ ಕೂತ್ರಾ?" ಅಮ್ಮನಿಗೆ ಅದೇ ಆಶ್ಚರ್ಯ. ನಮ್ಮ ಕಡೆ ಇಲಿ ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ತಿದ್ದರು ಅಂತ ಅವಳ ಅಜ್ಜಿ ಹೇಳ್ತಿದ್ದರಂತೆ.

ಆಮೇಲೆ ಅಜ್ಜ, ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಯಾರ್ಕ್‌ಶೈರ್‌ಗೆ ಕಳಿಸಿದ್ದ ಅಂದರು. ಹೆಂಡತಿ ಕ್ಯಾಥರೀನ್ ಹೋಗಲಿಲ್ಲ. ಆಗಸ್ಟ್‌ನಲ್ಲಿ ಸತ್ತಳು.

ಅಮ್ಮ ಆ ಪ್ರಶ್ನೆ ಕೇಳಿದ್ದು ಆಗಲೇ. ಏನಂತೆ ಅಂತ ಅಜ್ಜ ಕೇಳಿದರು. "ಚರ್ಚ್ ತುಂಬಾ ಚೆನ್ನಾಗಿದೆ ಅಂತಿದ್ದಾರೆ" ಅಂದೆ. ಪಾಪ, ಅವರಿಗೆ ಖುಷಿಯಾಯಿತು.

ನನಗೆ ಹಿಡಿಸಿದ್ದು ಥಾಮಸ್ ಸ್ಟ್ಯಾನ್ಲಿ. ಹಳೆಯ ಪಾದ್ರಿ, ಹೊಸ ಪ್ರಾರ್ಥನಾ ಪುಸ್ತಕ ಒಪ್ಪದೆ ಕೆಲಸ ಕಳೆದುಕೊಂಡವನು. ಹೊಸಬನಾದ ಮಾಂಪೆಸನ್ ಮೇಲೆ ಊರವರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಸ್ಟ್ಯಾನ್ಲಿ ಪಕ್ಕದಲ್ಲಿ ನಿಂತಿದ್ದಕ್ಕೇ ಜನ ತಲೆಯಾಡಿಸಿದ್ದು ಅನಿಸುತ್ತೆ. ಹೆಸರು ಮಾತ್ರ ಮಾಂಪೆಸನ್‌ಗೇ ಜಾಸ್ತಿ.

ಊರಾಚೆ ಇಳಿಜಾರಿನ ಹುಲ್ಲುಗಾವಲಲ್ಲಿ ಒಂದು ದುಂಡನೆಯ ಗೋಡೆ. ಅದರೊಳಗೆ ಏಳು ಸಮಾಧಿ ಕಲ್ಲು. ಎಲಿಜಬೆತ್ ಹ್ಯಾಂಕಾಕ್ ಅನ್ನುವವಳು ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು, ತಾನೇ ಎಳೆದು ತಂದು ಹೂತಳು. ಅಮ್ಮ ಬೆರಳು ಮಡಚಿ ಮಡಚಿ ಎಣಿಸಿದಳು. ಏಳಕ್ಕೆ ನಿಲ್ಲಿಸಿ, ಮತ್ತೆ ಒಂದರಿಂದ ಶುರು ಮಾಡಿದಳು.

ಗಡಿಕಲ್ಲಿನ ಹತ್ತಿರ ಸ್ವಲ್ಪ ಸಮಾಧಾನ. ಸೋಂಕು ದಾಟದಿರಲಿ ಅಂತ ಊರವರು ಅದರ ಗುಳಿಗಳಲ್ಲಿ ವಿನಿಗರ್ ಹಾಕಿ ಕಾಸು ಇಡ್ತಿದ್ದರು, ಹೊರಗಿನವರು ದಿನಸಿ ಇಟ್ಟು ಹೋಗ್ತಿದ್ದರು. ಅಮ್ಮ ಒಂದು ಗುಳಿಗೆ ಬೆರಳು ತೂರಿಸಿ, "ಚಿಲ್ಲರೆ ಇದ್ರೆ ಕೊಡೆ" ಅಂದಳು. ಇಪ್ಪತ್ತು ಪೆನ್ಸ್ ಕೊಟ್ಟೆ.

2020ರ ಮಾರ್ಚ್‌ನಲ್ಲಿ, ವಿಮಾನ ನಿಲ್ಲುವ ಮುಂಚೆ, ಮಗಳನ್ನು ಅಮ್ಮನ ಹತ್ತಿರ ಕಳಿಸಿದವಳು ನಾನು. ಅಕ್ಕಪಕ್ಕದ ಮಕ್ಕಳೆಲ್ಲ ಇಲ್ಲೇ ಇದ್ದರು. ವಿಮಾನ ನಿಲ್ಲಿಸಿದ್ದು ಸರಿ ಅಂತ ಆಮೇಲೆ ಎಲ್ಲರ ಹತ್ತಿರ ವಾದ ಮಾಡಿದ್ದೂ ನಾನೇ.

ಅಮ್ಮ ಅದನ್ನು ನೆನಪಿಟ್ಟುಕೊಂಡು ಕೇಳಿದಳಾ, ಸುಮ್ನೆ ಕೇಳಿದಳಾ? ಕಾರಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಕುರಿಗಳ ಬಗ್ಗೆಯೇ ಮಾತಾಡಿದಳು.