ಮೊದಲ ಪುಟ ಕೊನೆಗೆ

ರಿಸರ್ಚ್ ಪೇಪರಿನ ನಾಲ್ಕನೇ ಡ್ರಾಫ್ಟ್ ಈಗಷ್ಟೇ ಗೈಡ್‌ಗೆ ಕಳಿಸಿದೆ. ಪೇಪರನ್ನು ಓದುವ ಕ್ರಮದಲ್ಲೇ ಬರೆಯಬೇಕಿಲ್ಲ ಅಂತ ಮೊದಲೇ ಗೊತ್ತಿದ್ದರೆ ಎರಡು ವಾರ ಉಳಿಯುತ್ತಿತ್ತು. ನಾನು ಸುಮ್ನೆ ಪೀಠಿಕೆಯ ಮೊದಲ ಸಾಲು ಹಿಡಿದು ಕೂತಿದ್ದೆ. ಬರೆಯುವುದು, ಅಳಿಸುವುದು. ಕೊನೆಗೆ ಗೈಡ್, "ಏನು ಮಾಡಿದೆ ಅನ್ನೋದನ್ನ ಮೊದಲು ಬರಿ" ಅಂದರು. ವಿಧಾನದ ಭಾಗ ಒಂದೇ ಸಂಜೆಗೆ ಮುಗಿಯಿತು. ಆಮೇಲೆ ಗ್ರಾಫ್‌ಗಳು, ಫಲಿತಾಂಶ. ಪೀಠಿಕೆ ಹೆಚ್ಚುಕಡಿಮೆ ತಾನಾಗೇ ಬಂತು.

ನಿಜಕ್ಕೂ ಸತಾಯಿಸಿದ್ದು ಚರ್ಚೆಯ ಭಾಗ. "ಇದರಿಂದ ಸಾಬೀತಾಗುತ್ತದೆ" ಅಂತ ಜೋರಾಗಿ ಬರೆದಿದ್ದೆ. ಗೈಡ್ ಅದರ ಪಕ್ಕ ಒಂದೇ ಪದ ಗೀಚಿದ್ದರು: "ಹೌದಾ?" ಡೇಟಾ ಮತ್ತೆ ನೋಡಿದೆ. ಎರಡು ಸಂಗತಿ ಒಟ್ಟಿಗೆ ಏರುತ್ತಿದ್ದವು, ನಿಜ. ಆದರೆ ಒಂದರಿಂದಲೇ ಇನ್ನೊಂದು ಆಯಿತು ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. "ಸೂಚಿಸುತ್ತದೆ" ಅಂತ ತಿದ್ದಿದೆ. ಒಂದು ಪದ ಬದಲಿಸಲು ಇಷ್ಟು ಸಂಕಟವಾ!

ಅಂದ ಹಾಗೆ, ಡಿಎನ್‌ಎ ರಚನೆ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬರೆದ ಪೇಪರ್ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನನ್ನದು 22 ಪುಟ. ರೆಫರೆನ್ಸ್ ಪಟ್ಟಿಯ ಕಾಮಾಗಳನ್ನು ಸರಿಮಾಡುವುದು ಇನ್ನೂ ಬಾಕಿ ಇದೆ.